ಹಿಡಿದ ಕೈ, ಬಿಟ್ಟ ಕೈ

ಮಾವಿನಕುರ್ವೆಯ ದಿನಕರ ಖಾರ್ವಿಯ ಕೈ ಅವನ ಬಾಯಿಗಿಂತ ಮೊದಲು ಮಾತಾಡುತ್ತಿತ್ತು. ಹೊನ್ನಾವರ ಬಂದರಿನಿಂದ ಕುಮಟೆಗೆ, ಭಟ್ಕಳಕ್ಕೆ ಮೀನಿನ ಟೆಂಪೋ ಹೊಡೆಯುತ್ತಿದ್ದ ಕಾಲದಲ್ಲಿ ಯಾರದಾದರೂ ಕಾಲರಿಗೆ ಕೈ ಹಾಕದೆ ಅವನು ಕಳೆದ ವಾರವಿರಲಿಲ್ಲ. ಒಮ್ಮೆ ಕುಮಟೆಯ ಪೇಟೆಯಲ್ಲಿ ಅಡ್ಡ ನುಗ್ಗಿದ ಖಾಸಗಿ ಬಸ್ಸಿನ ಡ್ರೈವರನ್ನು ಬಾಗಿಲಿಂದ ಎಳೆದು ಹಾಕಿ, ಜನ ಬಂದು ಬಿಡಿಸುವಷ್ಟರಲ್ಲಿ ಅವನ ಮೂಗು ಮುರಿದಿದ್ದ. ಆ ಕೇಸು ಊರಿನ ಹಿರಿಯರು ನಡುವೆ ಬಿದ್ದದ್ದರಿಂದ ಹೇಗೋ ಬಗೆಹರಿಯಿತು.

ಕೇಸು ಮುಗಿದ ಸಂಜೆ ಹೆಂಡತಿ ಸುಶ್ಮಿತಾ ಒಂದೇ ಮಾತು ಹೇಳಿದಳು. "ಇಲ್ಲೇ ಇದ್ರೆ ನೀವು ಒಂದಿನ ಯಾರನ್ನಾದ್ರೂ ಕೊಂದೇ ಹಾಕ್ತ್ರಿ. ಬೇರೆ ಎಲ್ಲಾದ್ರೂ ಹೋಗಿ ಬದುಕಿ."

ಭಟ್ಕಳದ ಮುಝಮ್ಮಿಲ್ ಸಾಹೇಬರದು ಮಸ್ಕತ್ತಿನಲ್ಲಿ ದಿನಸಿ ಅಂಗಡಿ. ಅವರು ಗುರುತಿನವರಿಗೆ ಹೇಳಿ ಅಲ್ಲಿನ ಒಂದು ಮೀನಿನ ಕಂಪನಿಯಲ್ಲಿ ಅವನಿಗೆ ಲಾರಿ ಡ್ರೈವರ್ ಕೆಲಸ ಕೊಡಿಸಿದರು.

ಓಮಾನಿನಲ್ಲಿ ಎಲ್ಲವೂ ತಿರುಗುಮುರುಗು. ಗಾಡಿ ಬಲಕ್ಕೆ ಹೋಗಬೇಕು, ಸ್ಟೇರಿಂಗು ಎಡಕ್ಕೆ. ಗೇರು ಹಾಕಲು ಹೋದ ಎಡಗೈ ಪ್ರತಿಸಲ ಬಾಗಿಲಿಗೇ ಬಡಿದು, ಗೆಣ್ಣುಗಳೆಲ್ಲ ಬಾತುಕೊಂಡವು. ಊರಿನ ಲೈಸೆನ್ಸಿಗೆ ಅಲ್ಲಿ ಬೆಲೆಯಿರಲಿಲ್ಲ. ಡ್ರಮ್ಮುಗಳ ನಡುವೆ ಲಾರಿಯನ್ನು ಹಿಂದಕ್ಕೆ ತರುವ ಪರೀಕ್ಷೆಯಲ್ಲಿ ಮತ್ತೆ ಮತ್ತೆ ಸೋತ. ಗೆದ್ದ ಮೇಲೂ ಒಂದು ದಿನ ಸರ್ಕಲ್ಲಿನಲ್ಲಿ ಅಭ್ಯಾಸಬಲದಿಂದ ಎಡಕ್ಕೆ ತಿರುಗಿ, ಎದುರಿನ ಬಸ್ಸಿನಿಂದ ಕೂದಲೆಳೆಯಲ್ಲಿ ತಪ್ಪಿಸಿಕೊಂಡ.

ಅವನನ್ನು ತಿದ್ದಿದವನು ಅದೇ ಕಂಪನಿಯ ಹಳೆಯ ಡ್ರೈವರ್, ಭಟ್ಕಳದ ಅಳ್ವೇಕೋಡಿಯ ಅನೂಪ ಮೊಗೇರ. ಸಣಕಲ, ದನಿ ಏರಿಸದವ. ದಿನಕರನ ಬುದ್ಧಿ ಅವನಿಗೆ ಬೇಗ ತಿಳಿಯಿತು.

"ಇಲ್ಲಿ ಬೆರಳು ತೋರ್ಸಿದ್ರೂ ಕೇಸು, ಬೈದ್ರೂ ಕೇಸು. ಕೈ ಮಾಡಿದ್ರೆ ಸೀದಾ ಜೈಲು, ಮತ್ತೆ ಊರು. ನಾವು ಹೊರಗಿನವರು ಮಾರಾಯ, ನಮ್ಮ ಮಾತು ಹೇಳೂಕೆ ಭಾಷೆನೂ ಇಲ್ಲ. ನಿನ್ನ ಎರಡೂ ಕೈಯನ್ನ ಸ್ಟೇರಿಂಗಿಗೇ ಕಟ್ಟಿಹಾಕು."

"ಆತು," ಎಂದ ದಿನಕರ.

ಮಾತು ಉಳಿಸಿಕೊಂಡ ಕೂಡ. ಸಿಗ್ನಲ್ಲಿನಲ್ಲಿ ಒಬ್ಬ ಕಿಟಕಿಯೊಳಗೆ ಉಗಿದಾಗ ತನ್ನ ತುಟಿಯನ್ನೇ ರಕ್ತ ಬರುವಂತೆ ಕಚ್ಚಿಕೊಂಡು ಕುಳಿತ. ಹೀಗೆ ವರ್ಷಗಳು ಹೋದವು. ಊರಿಗೆ ಫೋನು ಮಾಡಿದಾಗ ಸುಶ್ಮಿತಾ ನಗುವುದನ್ನು ಕಲಿತಿದ್ದಳು.

ಅಂದು ನಡು ಮಧ್ಯಾಹ್ನ. ಕಡಲ ಕಡೆಯಿಂದ ಮಸ್ಕತ್ತಿಗೆ ಮೀನು ತುಂಬಿಕೊಂಡು ಎರಡು ಲಾರಿಗಳು ಹೊರಟಿದ್ದವು. ಮುಂದೆ ಅನೂಪ, ಹಿಂದೆ ದಿನಕರ. ಗಾಳಿ ಮರಳನ್ನು ರಸ್ತೆಯ ಮೇಲೆ ಉರುಳಿಸುತ್ತಿತ್ತು. ಪಕ್ಕಕ್ಕೆ ಬಂದ ಜಲ್ಲಿ ಲಾರಿಯೊಂದರ ಕನ್ನಡಿಗೆ ಅನೂಪನ ಕನ್ನಡಿ ತಾಗಿ ಎರಡೂ ಒಡೆದವು. ಜಲ್ಲಿ ಲಾರಿ ಮುಂದೆ ಹಾರಿ ಅಡ್ಡ ನಿಂತಿತು. ಅದರ ಡ್ರೈವರನೂ ಇವರ ಹಾಗೆ ಹೊಟ್ಟೆಪಾಡಿಗೆ ಬಂದ ಹೊರದೇಶದವನೇ. ಅವನು ಚಕ್ರ ಬಿಚ್ಚುವ ಪಾನಾ ಹಿಡಿದೇ ಇಳಿದ.

ಅನೂಪ ಕೈ ಮುಗಿಯುತ್ತ ಇಳಿದ. ಪಾನಾ ಅವನ ದವಡೆಗೆ ಬಿತ್ತು. ಅವನು ಮೊಣಕಾಲೂರಿ ಕುಸಿದ.

ದಿನಕರ ಅದನ್ನು ಗಾಜಿನ ಹಿಂದಿನಿಂದ ನೋಡಿದ. ಅವನ ಎರಡೂ ಕೈ ಸ್ಟೇರಿಂಗಿನ ಮೇಲಿದ್ದವು. ಸುಶ್ಮಿತಾಳ ಮುಖ ಕಣ್ಣೆದುರು ಬಂತು. ಕೈಗಳು ಕದಲಲಿಲ್ಲ. ಪಾನಾ ಮತ್ತೆ ಮೇಲೆದ್ದು ಅನೂಪನ ಮುಖದ ಮೇಲೆ ಬಿತ್ತು.

ಆಮೇಲೆ ದಿನಕರ ಇಳಿದ. ಓಡಿ ಆ ಡ್ರೈವರನ ಮೇಲೆ ಬಿದ್ದ ರಭಸಕ್ಕೆ ಇಬ್ಬರೂ ಜಲ್ಲಿ ಲಾರಿಯ ಚಕ್ರಕ್ಕೆ ಬಡಿದರು. ಆ ಮನುಷ್ಯ ಅವನ ಕಿವಿ ಕಚ್ಚಿದ. ದಿನಕರ ಹಣೆಯಿಂದ ಗುದ್ದಿ, ಪಾನಾ ಕಿತ್ತುಕೊಂಡು ಅವನ ಮೊಣಕೈಗೆ ಬೀಸಿದ. ಒಣ ಕಟ್ಟಿಗೆ ಮುರಿದಂಥ ಸದ್ದು ಬಂತು. ಅವನು ಬಿದ್ದ. ಬಿದ್ದವನ ಭುಜಕ್ಕೆ ಹೊಡೆದ, ಮೊಣಕಾಲಿಗೆ ಹೊಡೆದ, ಅವನು ಬೇಡಿಕೊಳ್ಳುತ್ತಿದ್ದಾಗಲೂ ಹೊಡೆದ. ಎಷ್ಟೋ ವರ್ಷ ಕಟ್ಟಿಹಾಕಿದ್ದ ಕೈ ಅದು. ನಿಲ್ಲಿಸಿದವನು ಅನೂಪ. ಮುಖವೆಲ್ಲ ರಕ್ತವಾಗಿ ತೆವಳಿ ಬಂದು ದಿನಕರನ ಕಾಲು ತಬ್ಬಿಕೊಂಡ.

"ಸಾಕು ದಿನಕರ. ಸಾಯ್ತಾ ಅಂವ."

ಠಾಣೆಯಲ್ಲಿ ದಿನಕರನ ಹರುಕು ಹಿಂದಿ ಅರ್ಧ ದಾರಿಯಲ್ಲೇ ನಿಂತಿತು. ಮುಝಮ್ಮಿಲ್ ಸಾಹೇಬರು ಅಂಗಡಿ ಬಿಟ್ಟು ಬಂದು, ಅಧಿಕಾರಿ ಅರಬ್ಬಿಯಲ್ಲಿ ಹೇಳಿದ್ದನ್ನು ಅವನಿಗೆ ತಿಳಿಸಿದರು.

"ಬಿಡ್ಸೂಕೆ ಇಳಿದದ್ದು ತಪ್ಪಲ್ಲ ಅಂತಾರೆ. ಆದ್ರೆ ಹಿಂದಿದ್ದ ಕಾರಿನ ಕ್ಯಾಮೆರಾದಲ್ಲಿ ಎಲ್ಲಾ ಬಂದಿದೆ. ಬಿದ್ದವನಿಗೂ ಹೊಡೆದ್ಯಲ್ಲ, ಅದಕ್ಕೆ ನಾನು ಎಂತ ಹೇಳಲಿ?"

ದಿನಕರ ತಲೆ ತಗ್ಗಿಸಿದ. "ಹೇಳುವಂಥದ್ದು ಎಂತದೂ ಇಲ್ಲ ಸಾಹೇಬ್ರೇ."

ದಿನಕರನಿಗೂ ಜಲ್ಲಿ ಲಾರಿಯವನಿಗೂ ಶಿಕ್ಷೆಯಾಯಿತು. ಆಸ್ಪತ್ರೆಯಿಂದ ಬಂದ ಆ ಡ್ರೈವರನನ್ನು ದಿನಕರನಿದ್ದ ಜೈಲಿಗೇ ತಂದರು. ಒಂದು ಬೆಳಿಗ್ಗೆ ನಲ್ಲಿಯ ಹತ್ತಿರ ಅವನು ಹಿಂದಿನಿಂದ ಬಂದು, ಪ್ಲಾಸ್ಟರ್ ಕಟ್ಟಿದ ಕೈಯಿಂದಲೇ ದಿನಕರನ ಬಾಯಿಗೆ ಅಪ್ಪಳಿಸಿದ. ತುಟಿ ಸೀಳಿತು, ಹಲ್ಲೊಂದು ನೆಲಕ್ಕೆ ಬಿತ್ತು. ಸುತ್ತ ಜನ ಜಾಗ ಬಿಟ್ಟು ನಿಂತರು. ದಿನಕರನ ಮುಷ್ಟಿ ಕಟ್ಟಿತು. ಆದರೆ ಹೊಡೆದವನೇ ತನ್ನ ಕೈ ಹಿಡಿದುಕೊಂಡು ನೆಲದ ಮೇಲೆ ಹೊರಳಾಡುತ್ತಿದ್ದ. ಕೂಡುತ್ತಿದ್ದ ಮೂಳೆ ಮತ್ತೆ ಮುರಿದಿತ್ತು. "ಈ ಕೈಲಿ ಇನ್ನು ಲಾರಿ ಓಡಿಸಲಾಗದಂತೆ," ಎಂದು ಅವನು ಹಿಂದಿಯಲ್ಲಿ ಕೂಗುತ್ತಿದ್ದ. ದಿನಕರನಿಗೆ ಅವನ ಮೇಲೆ ಕರುಣೆ ಬರಲಿಲ್ಲ. ಹೊಡೆಯಲು ಮನಸ್ಸೂ ಬರಲಿಲ್ಲ. ಬಾಯಿಯ ರಕ್ತ ಉಗಿದು ಗೋಡೆಗೆ ಒರಗಿ ಕುಳಿತ.

ಶಿಕ್ಷೆ ಮುಗಿದ ಮೇಲೆ, ಮತ್ತೆ ಈ ದೇಶಕ್ಕೆ ಕಾಲಿಡಬಾರದೆಂದು ವಿಮಾನ ಹತ್ತಿಸಿದರು.

ಮಾವಿನಕುರ್ವೆಯ ಮನೆಯಲ್ಲಿ ಸುಶ್ಮಿತಾ ಊಟ ಬಡಿಸಿ ಎದುರು ಕುಳಿತಳು. ಅವಳು ಬೈಯಲಿಲ್ಲ.

"ಅನೂಪಣ್ಣ ನಿಮಗಿಂತ ಮುಂಚೆನೇ ಬಂದ್ರು. ಎಡಗಣ್ಣು ಪೂರ್ತಿ ಹೋಗಿದೆ. ಅವ್ರ ಹೆಂಡ್ತಿ ಇಲ್ಲಿವರೆಗೆ ಬಂದು ನನ್ನ ಕಾಲಿಗೆ ಬೀಳೂಕೆ ಬಗ್ಗಿದ್ಳು. ನನ್ನ ಗಂಡನ ಜೀವ ಉಳಿಸಿದ್ರು ಅಂದ್ಳು."

ದಿನಕರ ಅನ್ನ ಕಲಸುತ್ತ ಕುಳಿತಿದ್ದ.

"ಒಂದು ಕೇಳ್ತೆ. ಎರಡು ಪೆಟ್ಟು ಬಿದ್ದ ಮೇಲೆ ನೀವು ಇಳ್ದದ್ದಂತೆ. ಮೊದಲ್ನೇ ಪೆಟ್ಟಿಗೇ ನೀವು ಇಳ್ದಿದ್ರೆ ಆ ಕಣ್ಣು ಉಳೀತಿತ್ತಾ?"

ಅವನು ತಟ್ಟೆಯಿಂದ ಕೈ ತೆಗೆದ. "ಉಳೀತಿತ್ತು. ಕಣ್ಣು ಹೋದದ್ದು ಎರಡನೇದಕ್ಕೆ."

ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಎದ್ದುಹೋದಳು. ಹೋಗಿ ಅಂದವಳು ತಾನೇ ಎಂಬುದು ಅವಳಿಗೆ ಗೊತ್ತಿತ್ತು; ಮೊದಲ ಪೆಟ್ಟಿಗೆ ತನ್ನ ಮುಖ ನೆನೆದೇ ಅವನು ಇಳಿಯದೆ ಕುಳಿತಿದ್ದು ಎಂಬುದು ಗೊತ್ತಿರಲಿಲ್ಲ. ದಿನಕರ ಹೇಳಲೂ ಇಲ್ಲ.

ಈಗ ಅವನು ಬೋಟಿನಲ್ಲಿ ಬಲೆ ಎಳೆಯುತ್ತಾನೆ. ಯಾರು ಕರೆದರೂ ಗಾಡಿಯ ಚಾವಿ ಮುಟ್ಟುವುದಿಲ್ಲ. ರಜೆಯಿದ್ದ ದಿನ ಬಸ್ಸು ಹತ್ತಿ ಅಳ್ವೇಕೋಡಿಗೆ ಹೋಗುತ್ತಾನೆ. ಬೋಟು ಕಟ್ಟುವ ಧಕ್ಕೆಯ ಮೇಲೆ ಅನೂಪ ಬಲೆಯ ಹರುಕು ಹೆಣೆಯುತ್ತಿರುತ್ತಾನೆ. "ಆ ಬದಿಗೆ ಕೂತ್ರೆ ನೀ ಕಾಣೂದಿಲ್ಲ, ಈಚೆ ಬಾ," ಎನ್ನುತ್ತಾನೆ. ದಿನಕರ ಎದ್ದು ಅವನ ಬಲಕ್ಕೆ ಬಂದು ಕುಳಿತು, ಬಲೆಯ ಇನ್ನೊಂದು ತುದಿ ಹಿಡಿದುಕೊಳ್ಳುತ್ತಾನೆ.