ಮಾವನ ಮಾತಿಗೊಂದು ಜಾಗ

ಹೊಲಿಗೆ ಯಂತ್ರ ರಿಪೇರಿ ಮಾಡುವವರೆಲ್ಲ ಅವಳನ್ನು ಬಾಬಿನ್ ಅಕ್ಕ ಎಂದೇ ಕರೆಯುತ್ತಿದ್ದರು. ಬಾಗಿಲಲ್ಲಿ ತಲೆ ಬಗ್ಗಿಸಿ ಒಳಬರುವಷ್ಟು ಎತ್ತರದ ಹೆಂಗಸಿಗೆ ದಾರ ಸುತ್ತುವ, ಹೆಬ್ಬೆರಳಿಗಿಂತ ಚಿಕ್ಕ ಸಾಮಾನಿನ ಹೆಸರಿಟ್ಟವನು ಯಾರೋ ತರಲೆಯೇ ಇರಬೇಕು. ಅವಳು ಹದಿನೆಂಟನೇ ವಯಸ್ಸಿಗೆ ಸೋದರಮಾವನ ಅಂಗಡಿಗೆ ಬಂದವಳು, ಇಪ್ಪತ್ತನಾಲ್ಕು ವರ್ಷವಾದರೂ ಅದೇ ಸ್ಟೂಲಿನ ಮೇಲೆ ಕೂತಿದ್ದಳು. ಇಬ್ಬರು ಎದುರುಬದುರು ಕೂತರೆ ಮಂಡಿಗೆ ಮಂಡಿ ತಾಗುವಂಥ ಅಂಗಡಿ ಅದು. ಅಲ್ಲಿ ಜಾಗ ಕಮ್ಮಿ, ಮಾತು ಜಾಸ್ತಿ. ಮಾತೆಲ್ಲ ಮಾವನದು. ದೂರದೂರದ ಮೆಕ್ಯಾನಿಕ್‌ಗಳು ಫೋನ್ ಮಾಡಿ "ಮೇಷ್ಟ್ರೇ, ಹೊಲಿಗೆ ಬಿಟ್ಟು ಬಿಟ್ಟು ಬೀಳ್ತಿದೆ" ಎಂದರೆ ಮಾವ ಮೊದಲು ಚೆನ್ನಾಗಿ ಬೈದು, ಆಮೇಲೆ ಪರಿಹಾರ ಹೇಳುತ್ತಿದ್ದರು. ಬೈಗುಳವಿಲ್ಲದೆ ಪರಿಹಾರ ಸಿಕ್ಕಿದವರು ಯಾರೂ ಇರಲಿಲ್ಲ.

ಆ ಗಂಟಲಲ್ಲೇ ಗಡ್ಡೆ ಕಾಣಿಸಿಕೊಂಡಿತು. ಜೀವಕ್ಕೆ ಅಪಾಯವಿಲ್ಲ, ಆದರೆ ಆಪರೇಷನ್ ಆದಮೇಲೆ ಧ್ವನಿ ಇರುವುದಿಲ್ಲ ಎಂದರು ಡಾಕ್ಟರು. ಏಳು ವಾರ ಬಿಟ್ಟು ದಿನ ಕೊಟ್ಟರು. "ಹೋಗ್ಲಿ ಬಿಡೇ, ನಿಮ್ಮತ್ತೆ ಕಿವಿಗೆ ಈಗ್ಲಾದ್ರೂ ಸ್ವಲ್ಪ ರಜ ಸಿಗ್ಲಿ" ಎಂದು ಮಾವ ನಕ್ಕರು. ಅತ್ತೆ ನಗಲಿಲ್ಲ.

ಬಾಬಿನ್ ಅಕ್ಕನ ಚಿಂತೆಯೇ ಬೇರೆ. ಮಾವ ಪೆನ್ಸಿಲ್ ಹಿಡಿಯುತ್ತಿದ್ದುದು ಯಂತ್ರಕ್ಕೆ ಕಟ್ಟುವ ಚೀಟಿಯಲ್ಲಿ ಎರಡು ಪದ ಗೀಚುವುದಕ್ಕೆ ಮಾತ್ರ. ಐವತ್ತು ವರ್ಷದ ವಿದ್ಯೆಯೆಲ್ಲ ಆ ಗಂಟಲಲ್ಲೇ ಇತ್ತು. ಏಳು ವಾರದೊಳಗೆ ಅದನ್ನೆಲ್ಲ ಹೊರಗೆ ತೆಗೆದು ಒಂದು ಕಡೆ ಇಡಬೇಕು ಎಂದು ಅವಳು ಹಟ ಹಿಡಿದಳು. ಮೆಕ್ಯಾನಿಕ್‌ಗಳದೊಂದು ವಾಟ್ಸಾಪ್ ಗುಂಪೇನೋ ಇತ್ತು. ಅಲ್ಲಿ ಬೆಳಗ್ಗೆ ಹೇಳಿದ ಉತ್ತರ ಮಧ್ಯಾಹ್ನದೊಳಗೆ ಶುಭೋದಯದ ಹೂಗಳ ಕೆಳಗೆ ಹೂತುಹೋಗುತ್ತಿತ್ತು. ಪ್ರಶ್ನೆಗೆ ಪ್ರಶ್ನೆಯ ಜಾಗ, ಉತ್ತರಕ್ಕೆ ಉತ್ತರದ ಜಾಗ ಇರುವ ಫೋರಂ ಬೇಕಿತ್ತು. "ಕೋಡ್ ಬರೆಯಲು ಬಾರದವರೂ ಕಟ್ಟಬಹುದು" ಎಂದು ಒಂದು ವಿಡಿಯೋ ಹೇಳಿತು. ಕೋಡ್ ಎಂದರೆ ತಿನ್ನುವುದೋ ಉಡುವುದೋ ಗೊತ್ತಿಲ್ಲದವಳು ಅವಳು. ಆದರೂ ನೀರಿಗಿಳಿದ ಮೇಲೆ ಚಳಿಯೇನು ಎಂದು ಕೂತೇಬಿಟ್ಟಳು.

ಕಲಿತದ್ದು ಮಾತ್ರ ತನಗೆ ಗೊತ್ತಿದ್ದ ಒಂದೇ ದಾರಿಯಲ್ಲಿ. ಗೊತ್ತಿಲ್ಲದ ಯಂತ್ರ ಬಂದರೆ ಒಂದು ಸ್ಕ್ರೂ ಬಿಚ್ಚಿ, ಏನಾಯಿತೆಂದು ನೋಡಿ, ಬರೆದುಕೊಂಡು, ಮತ್ತೆ ಹಾಕುವುದು. ಹಾಗೆಯೇ ಒಂದು ಗುಂಡಿ ಒತ್ತಿ ನೋಡಿದಳು, ಬರೆದುಕೊಂಡಳು. ಒಮ್ಮೆ ಯಾರು ಒಳಗೆ ಬರಬಹುದೆಂಬ ಪಟ್ಟಿ ಮಾಡುವಾಗ ತನ್ನ ಹೆಸರನ್ನೇ ಬಿಟ್ಟು, ತನ್ನ ಫೋರಂ ಬಾಗಿಲಲ್ಲೇ ಎರಡು ದಿನ ನಿಂತಳು. "ನೀನು ಕಟ್ಟಿದ ಮನೆಗೆ ನಿನ್ನನ್ನೇ ಸೇರಿಸ್ಲಿಲ್ವಾ? ಭೇಷ್!" ಎಂದರು ಮಾವ. ಮೂರನೇ ವಾರಕ್ಕೆ ಫೋರಂ ಶುರುವಾಯಿತು. ದಿನಾ ಊಟವಾದ ಮೇಲೆ ಮಾವ ಹೇಳಿದರು, ಅವಳು ಟೈಪ್ ಮಾಡಿದಳು. ನೂರ ಹದಿನೆಂಟು ಜನ ಸೇರಿದರು. ಕೆಲಸ ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಸಾಗಿತು.

ಆಪರೇಷನ್‌ಗೆ ಒಂಬತ್ತು ದಿನ ಇರುವಾಗ ಒಬ್ಬ ಮೆಕ್ಯಾನಿಕ್ ಫೋನ್ ಮಾಡಿದ. "ಅಕ್ಕಾ, ಹೋದ ವಾರ ಮೇಷ್ಟ್ರು ಶಟಲ್ ಬಗ್ಗೆ ಹೇಳಿದ್ದನ್ನ ಹುಡುಕ್ತಿದ್ದೀನಿ. ಎಲ್ಲೂ ಇಲ್ವಲ್ಲ?"

"ಅದು ಮುಗೀತಲ್ಲಪ್ಪ. ನಿಮ್ಮ ಯಂತ್ರ ಸರಿಯಾಯ್ತು ಅಂದ್ರಲ್ಲ, ತೆಗೆದುಬಿಟ್ಟೆ."

ಹೇಳುತ್ತಿದ್ದಂತೆಯೇ ತಾನು ಮಾಡಿದ್ದೇನೆಂದು ಅವಳಿಗೆ ಹೊಳೆಯಿತು. ರಿಪೇರಿ ಮುಗಿದ ಯಂತ್ರದ ಚೀಟಿಯನ್ನು ಆಗಿಂದಾಗ್ಗೆ ಹರಿದು ಹಾಕಬೇಕು, ಇಲ್ಲದಿದ್ದರೆ ಸರಿಯಾದ ಯಂತ್ರವನ್ನೇ ಮತ್ತೆ ಬಿಚ್ಚಿ ಕೂರುತ್ತೇವೆ, ಇದು ಅಂಗಡಿಯ ಮೊದಲ ಪಾಠ. ಇಪ್ಪತ್ತನಾಲ್ಕು ವರ್ಷ ಚೀಟಿ ಹರಿದ ಕೈ ಫೋರಂನಲ್ಲೂ ಅದನ್ನೇ ಮಾಡಿತ್ತು. "ಸರಿಯಾಯ್ತು" ಎಂದು ಯಾರಾದರೂ ಬರೆದ ಕೂಡಲೇ ಪ್ರಶ್ನೆ, ಉತ್ತರ ಎರಡನ್ನೂ ಅಳಿಸಿದ್ದಳು. ಮೇಜು ಚೊಕ್ಕಟವಾಯಿತೆಂದು ಖುಷಿಯನ್ನೂ ಪಟ್ಟಿದ್ದಳು. ಅರವತ್ತೆರಡು ಉತ್ತರ, ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗಾಗಿತ್ತು.

ಮಾವನಿಗೆ ಹೇಳದೆ ವಿಧಿಯಿರಲಿಲ್ಲ. ಅವರು ಬೈಯಲು ಬಾಯಿ ತೆರೆದರು, ಕೆಮ್ಮು ಬಂತು. ಮಾತು ಕಮ್ಮಿ ಮಾಡಿ ಎಂದು ಡಾಕ್ಟರು ಆಗಲೇ ಎಚ್ಚರಿಸಿದ್ದರು. "ಚೀಟಿ ಹರಿಯೋಕೆ ಕಲಿಸಿದವನು ನಾನೇ ಅಲ್ವೇನೇ" ಎಂದು ಪಿಸುದನಿಯಲ್ಲಿ ಹೇಳಿದರು. ಬೈದಿದ್ದರೇ ವಾಸಿಯಿತ್ತು. ಬಾಬಿನ್ ಅಕ್ಕ ಬಿಚ್ಚಿಟ್ಟ ಯಂತ್ರಗಳ ಮಧ್ಯೆ ಕೂತು ಗಳಗಳನೆ ಅತ್ತಳು.

ಅತ್ತು ಮುಗಿದ ಮೇಲೆ ಫೋರಂನಲ್ಲಿ ಇದ್ದದ್ದನ್ನು ಇದ್ದ ಹಾಗೆ ಬರೆದಳು: ತಪ್ಪು ನನ್ನದು, ಎಲ್ಲ ಅಳಿಸಿದ್ದೇನೆ, ಯಾರ ನೆನಪಿನಲ್ಲಾದರೂ ಇದ್ದರೆ ಹೇಳಿ. ಆಗ ಗೊತ್ತಾಯಿತು, ಹೊಸದೇನು ಬರೆದರೂ ಸದಸ್ಯರಿಗೆಲ್ಲ ಈಮೇಲ್ ಹೋಗುವಂತೆ ಆ ಫೋರಂ ತಾನಾಗಿಯೇ ಮಾಡಿಕೊಂಡಿತ್ತು. ಈ ಗುಂಡಿಯನ್ನು ಮಾತ್ರ ಅವಳು ಮುಟ್ಟಿ ನೋಡಿರಲಿಲ್ಲ. ಇಲ್ಲಿ ಅಳಿಸಿದ್ದು ಅವರವರ ಈಮೇಲ್‌ನಲ್ಲಿ ಉಳಿದಿತ್ತು. ಒಬ್ಬ ನಲವತ್ತು ಕಳಿಸಿದ, ಇನ್ನೊಬ್ಬಳು ಹನ್ನೆರಡು. ಸಂಜೆಯೊಳಗೆ ಐವತ್ತೇಳು ವಾಪಸ್ ಬಂದವು. ಉಳಿದ ಐದರಲ್ಲಿ ನಾಲ್ಕನ್ನು ಮಾವ ಪಿಸುಗುಟ್ಟಿದರು. ಐದನೆಯದು ಯಾವುದೆಂದು ಇಬ್ಬರಿಗೂ ನೆನಪಾಗಲಿಲ್ಲ.

ಆಪರೇಷನ್ ಸುಸೂತ್ರವಾಗಿ ಆಯಿತು. ಮನೆಗೆ ಬಂದ ಮಾವ ಗೋಡೆ ನೋಡುತ್ತಾ ಕೂತರು. ಅತ್ತೆ ಸ್ಲೇಟು ತಂದುಕೊಟ್ಟರೆ ಅದನ್ನು ಮುಟ್ಟಲಿಲ್ಲ. ಬಾಬಿನ್ ಅಕ್ಕ ತನ್ನ ಹಳೆಯ ಫೋನಿನಲ್ಲಿ ಫೋರಂ ತೆರೆದು, ಅವರ ಹೆಸರಿನಲ್ಲಿ ಖಾತೆ ಮಾಡಿ ಪಕ್ಕದಲ್ಲಿಟ್ಟು ಬಂದಳು. ಅದನ್ನೂ ಮುಟ್ಟಲಿಲ್ಲ. ವಿದ್ಯೆ ಉಳಿಯಿತು, ಮನುಷ್ಯನೇ ಕೈಬಿಟ್ಟುಹೋಗುತ್ತಿದ್ದಾರೆ ಎನಿಸಿ ಅವಳಿಗೆ ಅಂಗಡಿಯಲ್ಲಿ ಕೈಯೇ ಓಡದಾಯಿತು.

ಮಾವ ಮನೆಗೆ ಬಂದ ಹದಿಮೂರನೆಯ ದಿನ ಬೆಳಗ್ಗೆ ಹೊಸಬನೊಬ್ಬ ಫೋರಂನಲ್ಲಿ ಕೇಳಿದ: ಬಟ್ಟೆಯ ಅಡಿಯಲ್ಲಿ ದಾರ ಗಂಟುಗಂಟಾಗುತ್ತಿದೆ, ಏನು ಮಾಡಲಿ? ಅಡಿಯಲ್ಲಿರುವ ಬಾಬಿನ್ ಬಿಚ್ಚಿ ನೋಡು ಎಂದು ಇನ್ನೊಬ್ಬ ಉತ್ತರಿಸಿದ. ಸ್ವಲ್ಪ ಹೊತ್ತಿಗೆ ಅವಳ ಫೋನ್ ಸದ್ದು ಮಾಡಿತು. ಹೊಸ ಸದಸ್ಯರ ಮೊದಲ ಬರಹ ಅವಳು ಒಪ್ಪಿದರೆ ಮಾತ್ರ ಎಲ್ಲರಿಗೂ ಕಾಣುತ್ತಿತ್ತು. ಈಗ ಒಂದು ಬರಹ ಕಾಯುತ್ತಾ ನಿಂತಿತ್ತು:

"ಅಡೀಲಿ ಗಂಟು ಬಿದ್ರೆ ಅಡೀಲೇ ಹುಡುಕ್ತೀರೇನ್ರೋ ದಡ್ಡ ಮುಂಡೇವಾ. ತಪ್ಪು ಮೇಲಿನ ದಾರದ್ದು. ಬಟ್ಟೆ ಒತ್ತೋ ಪಾದ ಎತ್ತಿಟ್ಟು ಮೊದಲಿಂದ ಪೋಣಿಸಿ."

ಕೆಳಗೆ ಎರಡು ಗುಂಡಿಗಳಿದ್ದವು. ಪ್ರಕಟಿಸು, ಅಳಿಸು. ಕಣ್ಣು ಮಂಜಾಗಿತ್ತು, ಯಾವುದು ಯಾವುದೆಂದು ಮೂರು ಸಲ ಓದಿಕೊಂಡೇ ಅವಳು ಬೆರಳಿಟ್ಟಳು.

ಅರ್ಧ ಗಂಟೆಯಲ್ಲಿ ಅದರ ಕೆಳಗೆ ಮೂವತ್ತೊಂದು ಜನ ಬರೆದಿದ್ದರು. ಕೊನೆಯವನು ಇಪ್ಪತ್ತು ವರ್ಷದಿಂದ ಮಾವನಿಗೆ ಫೋನ್ ಮಾಡುತ್ತಿದ್ದವನು. ಅವನು ಕೇಳಿದ್ದು ಇಷ್ಟೇ: "ಮೇಷ್ಟ್ರೇ, ನಾನೂ ಇದೇ ತಪ್ಪು ಮಾಡ್ತಿದ್ದೆ. ನಂಗೂ ಒಂದ್ಸಲ ಬೈದುಬಿಡಿ."