ಸೂಜಿ ಅರ್ಧದಲ್ಲಿ ನಿಂತ ಬೆಳಗು

ಬೆಳಗಿನ ಐದೂವರೆ. ವಾಷಿಂಗ್ಟನ್ನಿನ ಜನಗಣತಿ ಕಚೇರಿಯ ನೆಲಮಾಳಿಗೆಯಲ್ಲಿ ಎಮಿಲ್ ವೊಡ್ರಾಷ್ಕಾ ತನ್ನ ಯಂತ್ರಕ್ಕೆ ಎಣ್ಣೆ ಬಿಡುತ್ತಿದ್ದಾನೆ. ಒಬ್ಬೊಬ್ಬರ ವಿವರಕ್ಕೆ ತಕ್ಕ ಜಾಗದಲ್ಲಿ ತೂತು ಹೊಡೆದ ಕಾರ್ಡುಗಳನ್ನು ಅದು ತಾನೇ ಎಳೆದುಕೊಂಡು ವಿಂಗಡಿಸುತ್ತದೆ. ಇಂಥದೊಂದು ಯಂತ್ರಕ್ಕಾಗಿ ಇದೇ ಮೇಜಿನ ಮುಂದೆ ನಾನೂ ಏಳು ವರ್ಷ ಒದ್ದಾಡಿದ್ದೆ. ನನ್ನದು ಕಾರ್ಡು ಹರಿಯುತ್ತಿತ್ತು; ಬಿಟ್ಟು ಪತ್ರಿಕೆ ಸೇರಿದೆ. ಇವನ ಬಗ್ಗೆ ಬರೆಯಿರಿ ಎಂದು ಸಂಪಾದಕರು ಹೇಳಿದಾಗ ಹೊಟ್ಟೆ ಉರಿದುಹೋಯಿತು.

ಎಮಿಲ್ ಯುರೋಪಿನ ಬೊಹೆಮಿಯಾದಿಂದ ಬಂದ ಬೀಗ ಮಾಡುವವನ ಮಗ. ಎಡಗೈಯ ಎರಡು ಬೆರಳು ಲೇತಿಗೆ ಹೋಗಿವೆ. ಇಲ್ಲಿನ ಹೆಂಗಸರು ಕೈಯಿಂದ ಒಂದೊಂದೇ ಕಾರ್ಡು ತಳ್ಳಿ ದಿನಕ್ಕೆ ಏಳು ಸಾವಿರ ಮುಗಿಸಿದರೆ, ಇವನ ಯಂತ್ರಕ್ಕೆ ಅಷ್ಟು ಒಂದು ಗಂಟೆಯ ಕೆಲಸ.

"ನನ್ನ ಮಣಿಕಟ್ಟು ಉಳಿಸಿದ ಪುಣ್ಯಾತ್ಮ ಇವನು," ಎನ್ನುತ್ತಾಳೆ ಗುಮಾಸ್ತೆ ಹ್ಯಾರಿಯೆಟ್ ಪೂಲ್. "ನಿಮ್ಮದೂ ಒಂದಿತ್ತಲ್ಲ, ಅದನ್ನ ನಾವು ಕತ್ತರಿ ಅಂತ ಕರೀತಿದ್ವಿ."

ನಕ್ಕಂತೆ ಮಾಡುತ್ತೇನೆ.

ಎಂಟಕ್ಕೆ ಯಂತ್ರವನ್ನು ಪರೀಕ್ಷಿಸಲು ಅಧಿಕಾರಿ ಬರಲಿದ್ದಾರೆ. ಒಂದು ತಪ್ಪು ಸಿಕ್ಕರೂ ಯಂತ್ರ ಗುಜರಿಗೆ. ಇಲ್ಲಿ ಪರೀಕ್ಷೆಯೆಂದರೆ ವಿಂಗಡಿಸಿದ ಕಟ್ಟಿನ ತೂತಿಗೆ ಹೆಣಿಗೆಯ ಸೂಜಿ ತೂರಿಸುವುದು. ಎಲ್ಲ ತೂತುಗಳೂ ಒಂದೇ ಕಡೆ ಇದ್ದರೆ ಸೂಜಿ ಆಚೆ ಬರುತ್ತದೆ. ಅವರು ಬರುವ ಮೊದಲೇ ಒಮ್ಮೆ ನೋಡಿಬಿಡೋಣವೆಂದು, ವಿಧವೆಯರ ಕಾರ್ಡುಗಳ ಕಟ್ಟನ್ನು ನನ್ನ ಕೈಗಿತ್ತು ಎಮಿಲ್ ಎಣ್ಣೆ ಡಬ್ಬಿ ಇಡಲು ತಿರುಗುತ್ತಾನೆ. ನಡುವಿನ ಒಂದು ಕಾರ್ಡನ್ನು ನಾನು ತಲೆಕೆಳಗು ಮಾಡಿ ಇಡುತ್ತೇನೆ. ಬೇಕೆಂದೇ.

ನಾನು ಕೊಟ್ಟ ಕಟ್ಟಿಗೆ ಹ್ಯಾರಿಯೆಟ್ ತೂರಿಸಿದ ಸೂಜಿ ಅರ್ಧದಲ್ಲಿ ನಿಲ್ಲುತ್ತದೆ. ಎಮಿಲನ ಮುಖ ಬಿಳಿಚಿಕೊಳ್ಳುತ್ತದೆ. ನನಗೆ ಸಂತೋಷವಾಗುತ್ತದೆ, ಸುಳ್ಳು ಯಾಕೆ ಹೇಳಲಿ.

ಅವನು ಆ ಕಾರ್ಡನ್ನು ಎಳೆದು ಬೆಳಕಿಗೆ ಹಿಡಿಯುತ್ತಾನೆ. "ನನ್ನ ಉರುಳೆ ಪ್ರತಿ ಕಾರ್ಡಿನ ಕೆಳ ಅಂಚಿಗೆ ಎಣ್ಣೆ ಗೆರೆ ಬಿಡುತ್ತೆ. ಇದರಲ್ಲಿ ಗೆರೆ ಮೇಲಿದೆ. ಯಂತ್ರದಿಂದ ಆಚೆ ಬಂದಮೇಲೆ ತಿರುಗಿರೋದು."

ಹ್ಯಾರಿಯೆಟ್ ನನ್ನನ್ನೇ ನೋಡುತ್ತಾಳೆ. ಎಮಿಲ್ ನೋಡುವುದಿಲ್ಲ. ಕಾರ್ಡನ್ನು ಸರಿಪಡಿಸಿ, ಇಡೀ ಕಟ್ಟಿನ ಒಂದು ಮೂಲೆಯನ್ನು ಕಾಗದ ಕೊಯ್ಯುವ ಅಲಗಿಗೆ ಕೊಟ್ಟು ಕೊಯ್ದುಬಿಡುತ್ತಾನೆ. "ಇನ್ಮೇಲೆ ಒಂದು ಕಾರ್ಡು ತಿರುಗಿದ್ರೂ ಅದರ ಮೂಲೆ ಹೊರಗೆ ಚಾಚಿ ಕಣ್ಣಿಗೇ ಕಾಣತ್ತೆ."

ಎಂಟಕ್ಕೆ ಅಧಿಕಾರಿಯ ಮುಂದೆ ಸೂಜಿ ಸಲೀಸಾಗಿ ಆಚೆ ಬರುತ್ತದೆ. ಯಂತ್ರವನ್ನು ಒಪ್ಪಿಕೊಂಡ ಅಧಿಕಾರಿ ಕೊಯ್ದ ಮೂಲೆಯ ಬಗ್ಗೆ ಕೇಳುತ್ತಾರೆ.

"ಅದು ಇವರಿಂದ ಹೊಳೆದದ್ದು ಸಾರ್," ಎಂದು ಎಮಿಲ್ ನನ್ನತ್ತ ಕೈ ತೋರಿಸುತ್ತಾನೆ. ಅಧಿಕಾರಿ ನನ್ನ ಕೈ ಕುಲುಕುತ್ತಾರೆ. ಏಳು ವರ್ಷ ಆ ಕೈಕುಲುಕಿಗಾಗಿಯೇ ಕಾದಿದ್ದೆ. ಇವನ ಈ ದೊಡ್ಡತನದ ಮೇಲೂ ನನಗೆ ಹೊಟ್ಟೆಕಿಚ್ಚು.

ಹೊರಡುವಾಗ, ಏನಾದರೂ ಆಸೆಯಿದೆಯೇ ಎಂದು ಕೇಳುತ್ತೇನೆ. ಅವನು ಕೈ ಒರೆಸಿಕೊಳ್ಳುತ್ತಾನೆ.

"ದೊಡ್ಡದೇನಿಲ್ಲ. ಆ ಮೂಲೆ ಯಾಕೆ ಕೊಯ್ದೆ ಅನ್ನೋದನ್ನ ಇದ್ದ ಹಾಗೆ ಬರೀರಿ."

ಬರೆದಿದ್ದೇನೆ.