ಕಪ್ಪೆಯ ಎಡಗಾಲು

ನನ್ನ ಸೋದರಮಾವನ ಅಂಗಿ ಒಣಹಾಕಿದರೆ ಬಿಸಿಲು ಜರಡಿಯಲ್ಲಿ ಸೋಸಿದಂತೆ ಬೀಳುತ್ತಿತ್ತು. ಅಷ್ಟು ತೂತುಗಳು, ಎಲ್ಲ ವೆಲ್ಡಿಂಗ್ ಕಿಡಿಯವು. ಅತ್ತೆ ಗೊಣಗಿದರೆ, "ಇರ್ಲಿ ಬಿಡೇ, ಗಾಳಿ ಆಡ್ತದೆ" ಎನ್ನುತ್ತಿದ್ದ.

ದೇವನಹಳ್ಳಿಯಿಂದ ದೊಡ್ಡಬಳ್ಳಾಪುರಕ್ಕೆ ಹೋಗುವ ರಸ್ತೆಯಲ್ಲಿ ಅವನ ಅಂಗಡಿ. ತೊಂಬತ್ತರ ದಶಕದ ಕೊನೆಯಲ್ಲಿ ನಮ್ಮೂರ ಪಕ್ಕ ಒಂದು ರೆಸಾರ್ಟ್ ಬಂತು. ಸುತ್ತಲಿನವರೆಲ್ಲ ಅದಕ್ಕೆ ಜಮೀನು ಮಾರಿ, ತನ್ನ ಹೊಲಕ್ಕೆ ದಾರಿಯೇ ಇಲ್ಲವಾದಾಗ ಮಾವನೂ ಮಾರಿದ. ಹೊಲದ ಮೂಲೆಯಲ್ಲಿ ಅವನ ತಾಯಿಯ, ಅಂದರೆ ನನ್ನ ಅಜ್ಜಿಯ ಸಮಾಧಿ ಇತ್ತು. ಅದನ್ನು ಮುಟ್ಟುವುದಿಲ್ಲ ಎಂದು ಕೊಂಡವರು ಬಾಯಲ್ಲಿ ಹೇಳಿದ್ದರು. ನಾನು ಆಗಷ್ಟೇ ಪತ್ರಿಕೆ ಸೇರಿದ್ದೆ.

"ಬರೆಸ್ಕೊಂಡ್ಯಾ ಮಾವ?" ಎಂದು ಕೇಳಿದೆ.

"ಅವ್ವನ ಗುಡ್ಡೆಗೂ ಪತ್ರ ಮಾಡಿಸ್ತಾರೇನೋ? ಒಳ್ಳೆ ಪೇಪರ್‌ನೋನು!" ಎಂದು ನಕ್ಕ.

ರೆಸಾರ್ಟಿನವರು ಹಳ್ಳ ದಿಣ್ಣೆಗಳಲ್ಲಿ ಓಡಿಸುವ ನಾಲ್ಕು ಚಕ್ರದ ಬೈಕ್ ತರಿಸಿದರು. ಹೊರಚಾಚಿದ ಮುಂದಿನ ಚಕ್ರಗಳನ್ನು ನೋಡಿ ಮಾವ ಅದಕ್ಕೆ ಕಪ್ಪೆ ಎಂದು ಹೆಸರಿಟ್ಟ. ಚಕ್ರವನ್ನು ಹಿಡಿದಿಡುವ ಆರ್ಮ್ ಬಾಗಿ, ಶಾಕ್ ಅಬ್ಸಾರ್ಬರ್ ಸೊಟ್ಟಗಾಗಿ ಕಪ್ಪೆ ಅಂಗಡಿಗೆ ಬಂತು. ಬಿಡಿಭಾಗ ಇಲ್ಲೆಲ್ಲೂ ಸಿಗುತ್ತಿರಲಿಲ್ಲ. ಮಾವ ಆರ್ಮ್ ಕಾಯಿಸಿ ನೆಟ್ಟಗೆ ಮಾಡಿ, ಪಟ್ಟಿ ಇಟ್ಟು ಬೆಸೆದು, ಕೊನೆಗೆ ತಾನೇ ಕೆಂಪು ಬಣ್ಣ ಹೊಡೆದು ಕಳಿಸಿದ. ಮತ್ತೆ ಬಂತು. ಆಮೇಲೂ ಬಂತು. ಪ್ರತಿ ಸಲ ಎಡಗಡೆಯ ಆರ್ಮೇ, ಅದೇ ಜಾಗದಲ್ಲೇ.

"ಏನ್ ಮೇಸ್ತ್ರಿ, ನಿಮ್ ಬೆಸುಗೆ ಇಷ್ಟೇನಾ?" ಎಂದ ರೆಸಾರ್ಟಿನ ಮ್ಯಾನೇಜರ್.

"ಬಗ್ಗಿದ್ ಕಬ್ಬಿಣಕ್ಕೆ ಬಗ್ಗೋದೇ ಅಭ್ಯಾಸ ಆಗೋಯ್ತದೆ ಸಾರ್. ಎಲ್ಲಿ ಗುದ್ತಾ ಅದೆ, ತೋರ್ಸಿ."

ಹೋಗಿ ನೋಡಿದ. ನಾನೂ ಜೊತೆಗಿದ್ದೆ. ಬೈಕಿನ ದಾರಿ ಸಮಾಧಿಯ ಮೇಲೇ ಹಾದಿತ್ತು. ಅಜ್ಜಿಯ ತಲೆಯ ಕಡೆ ನೆಟ್ಟಿದ್ದ ಕಲ್ಲಿನ ಅಂಚಿಗೆ ಕೆಂಪು ಬಣ್ಣ ಮೆತ್ತಿತ್ತು.

ಮಾವ ಕೂಗಾಡಲಿಲ್ಲ. "ಇದು ನಮ್ಮವ್ವನ ಕಲ್ಲು ಸಾರ್. ದಾರೀನ ಒಂದ್ ಮಾರು ಆಚೆಗೆ ತಿರುಗಿಸ್ಕೊಳ್ಳಿ. ನಿಮ್ ಗಾಡೀನೂ ಉಳೀತದೆ" ಎಂದ.

"ಅಯ್ಯೋ, ಮೊದ್ಲೇ ಹೇಳೋದಲ್ವಾ!" ಎಂದ ಮ್ಯಾನೇಜರ್.

ಮರುದಿನ ರೆಸಾರ್ಟಿನ ಟ್ರಾಕ್ಟರ್ ಅಂಗಡಿಯ ಮುಂದೆ ನಿಂತಿತು. ಟ್ರೈಲರಿನಲ್ಲಿ ಆ ಕಲ್ಲು.

"ನಿಮ್ದಂತೆ ಮೇಸ್ತ್ರಿ, ಸಾಹೇಬ್ರು ಕಳ್ಸವ್ರೆ" ಎಂದು ಡ್ರೈವರ್ ಇಳಿಸಿ ಹೋದ.

ಮಾವ ಕಲ್ಲಿನ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತ. "ಕಲ್ ಬಂತು. ಅವ್ವ ಅಲ್ಲೇ ಅವ್ಳೆ" ಎಂದ.

ನಾನು ಸುದ್ದಿ ಬರೆದೆ. ದಾಖಲೆ ಎಲ್ಲಿ ಎಂದು ಕಚೇರಿಯಲ್ಲಿ ಕೇಳಿದರು. ಇರಲಿಲ್ಲ. ಸುದ್ದಿ ಅಚ್ಚಾಗಲಿಲ್ಲ. ಕಪ್ಪೆಯ ಎಡಗಾಲು ಆಮೇಲೆ ಬಾಗಲೂ ಇಲ್ಲ.

ಮಾವ ತೀರಿಕೊಂಡಾಗ, ತಾಯಿಯ ಪಕ್ಕ ಮಣ್ಣು ಮಾಡಲು ಜಾಗ ಕೇಳಿಕೊಂಡು ರೆಸಾರ್ಟಿನ ಗೇಟಿನವರೆಗೆ ಹೋದೆವು. "ಇವತ್ತು ಭಾನುವಾರ, ಗೆಸ್ಟ್‌ಗಳಿದ್ದಾರೆ" ಎಂದರು. ಊರ ಸ್ಮಶಾನದಲ್ಲಿ ಹೂತೆವು. ತಲೆಯ ಕಡೆ ಆ ಕಲ್ಲನ್ನೇ ನೆಟ್ಟೆವು.

ಪೂಜೆಗೆ ಮೊದಲು ಅತ್ತೆ ತೆಂಗಿನ ನಾರು ಹಿಡಿದು ಅದರ ಅಂಚನ್ನು ತಿಕ್ಕಿ ತಿಕ್ಕಿ ತೊಳೆದಳು. ಮಾವ ಹೊಡೆದ ಬಣ್ಣ ಹೋಗಲಿಲ್ಲ.